ಸಹಾಯ ಬೇಕು: ಗೋಕರ್ಣದಿಂದ ಹೊನ್ನಾವರಕ್ಕೆ ಹೈವೇ ಬಿಟ್ಟು ಸೈಕಲ್ ದಾರಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಾನೂ ನನ್ನ ಭಾವನೂ ಎಂಟಿಬಿಯಲ್ಲಿ (ಗುಡ್ಡಗಾಡು ದಾರಿಯ ಸೈಕಲ್) ಗೋಕರ್ಣದಿಂದ ಹೊನ್ನಾವರಕ್ಕೆ ಹೋಗಬೇಕು ಅಂತಿದ್ದೇವೆ. 66ನೇ ಹೆದ್ದಾರಿಯಲ್ಲಿ ಲಾರಿಗಳ ಪಕ್ಕ ತುಳಿಯೋದು ಬೇಡವೇ ಬೇಡ, ಅದಕ್ಕಾದರೆ ಬಸ್ಸೇ ಸಾಕು.

ಕುಮಟಾವರೆಗೆ ತಲೆನೋವಿಲ್ಲ. ತದಡಿಯಲ್ಲಿ ಸೈಕಲ್ ಸಮೇತ ದೋಣಿ ಹತ್ತಿ ಹೊಳೆ ದಾಟಿದರೆ ಅಘನಾಶಿನಿ ಊರು. ಅಲ್ಲಿಂದ ಕಾಗಾಲ, ಬಾಡದ ಮೇಲೆ ಗದ್ದೆ, ತೆಂಗಿನ ತೋಟ, ಸಣ್ಣ ಏರಿಳಿತದ ದಾರಿ.

ಸಿಕ್ಕಿಬಿದ್ದಿರೋದು ಕುಮಟಾ ದಾಟಿದ ಮೇಲೆ. ಮ್ಯಾಪ್ ಆ್ಯಪ್‌ಗಳು ಹೇಗೆ ಕೇಳಿದರೂ ಹೆದ್ದಾರಿಗೇ ತಂದು ಬಿಡುತ್ತವೆ. ಸ್ಯಾಟಲೈಟ್ ಚಿತ್ರದಲ್ಲಿ ಧಾರೇಶ್ವರದ ಕಡೆ ದಂಡೆಗುಂಟ ಸಣ್ಣ ದಾರಿಗಳು ಕಾಣುತ್ತವೆ, ಆದರೆ ಕೆಲವು ಯಾರದೋ ಮನೆಯಂಗಳದಲ್ಲೇ ಮುಗಿದ ಹಾಗಿದೆ. ಪರಿಚಯದವರನ್ನು ಕೇಳಿದರೆ ಎಲ್ಲರೂ ಬೈಕ್‌ನಲ್ಲಿ ಹೋದವರೇ! ಸಮುದ್ರ ಇಳಿದಾಗ ಒದ್ದೆ ಮರಳು ಗಟ್ಟಿ ಇರುತ್ತೆ, ಅದರ ಮೇಲೆ ಹೋಗಬಹುದು ನಿಜ. ಆದರೆ ಉಪ್ಪುನೀರು ಚೈನು, ಬೇರಿಂಗ್ ತಿಂದುಹಾಕುತ್ತೆ, ಹಾಗಾಗಿ ಅದು ಕೊನೇ ದಾರಿ.

ಧಾರೇಶ್ವರದಿಂದ ಹಳದೀಪುರ, ಕರ್ಕಿ ಕಡೆಗೆ ಒಳದಾರಿಯಲ್ಲಿ ಸೈಕಲ್ ತುಳಿದವರು ಇದ್ದೀರಾ? ಎಲ್ಲೆಲ್ಲಿ ಹೆದ್ದಾರಿ ಹತ್ತಲೇಬೇಕು, ಎಲ್ಲಿ ಇಳಿಯಬಹುದು?