ಬದುವಿನ ಜಗಳಕ್ಕೆ 64 ವರ್ಷದ ಅಪ್ಪನನ್ನು ಮತ್ತೆ ಮತ್ತೆ ಠಾಣೆಗೆ ಕರೆಸುತ್ತಿದ್ದಾರೆ. ಹೋಗಲೇಬೇಕಾ?

ಹೊಳೆಬದಿ ಕೇಳಿದ್ದು:

ನಮಸ್ಕಾರ. ನಾನು ಪೀಣ್ಯದಲ್ಲಿ ಕೆಲಸಕ್ಕಿದ್ದೇನೆ. ಅಪ್ಪ, ಅಮ್ಮ ಊರಲ್ಲಿ ಇದ್ದಾರೆ. ಅಪ್ಪನಿಗೆ 64 ವರ್ಷ, ಶುಗರ್ ಇದೆ. ನಮ್ಮದು ಎರಡು ಎಕರೆ ತೆಂಗಿನ ತೋಟ. ಪಕ್ಕದ ಜಮೀನಿನವರು ಜೆಸಿಬಿ ತಂದು ಬದು ಕೆಡವಿ ನಮ್ಮ ಕಡೆಗೆ ಒತ್ತಿದ್ದಾರೆ. ಅಪ್ಪ ಅಡ್ಡ ನಿಂತು ಕೆಲಸ ನಿಲ್ಲಿಸಿದರು. ಅವರು ಸೀದಾ ಠಾಣೆಗೆ ಹೋಗಿ, ಅಪ್ಪ ಗಲಾಟೆ ಮಾಡಿದರು ಅಂತ ಅರ್ಜಿ ಕೊಟ್ಟಿದ್ದಾರೆ.

ಆಮೇಲೆ ಶುರುವಾಯಿತು. ಪೇದೆಯೊಬ್ಬರು ಫೋನ್ ಮಾಡಿ "ಬೆಳಗ್ಗೆ ಹತ್ತಕ್ಕೆ ಬಾ" ಅನ್ನುತ್ತಾರೆ. ಹೋದರೆ ಬೆಂಚಿನ ಮೇಲೆ ಕೂರಿಸುತ್ತಾರೆ. ಮಧ್ಯಾಹ್ನ ಊಟಕ್ಕೂ ಬಿಡುವುದಿಲ್ಲ. ಸಾಹೇಬರು ಬಂದೋಬಸ್ತ್‌ಗೆ ಹೋಗಿದ್ದಾರೆ ಅಂತ ಹೇಳಿ ಸಂಜೆ ಕಳಿಸುತ್ತಾರೆ. ಮೊನ್ನೆ ಮಾತ್ರ ಸಾಹೇಬರು ಸಿಕ್ಕರು. "ಒಂದೂವರೆ ಗುಂಟೆ ತಾನೆ, ಬಿಟ್ಟುಕೊಟ್ಟು ಮುಚ್ಚಳಿಕೆಗೆ ಸೈನ್ ಹಾಕು, ಇಲ್ಲಾಂದ್ರೆ ಕೇಸ್ ಮಾಡಿ ಒಳಗೆ ಹಾಕ್ತೀನಿ" ಅಂದರಂತೆ. ಎಫ್‌ಐಆರ್ ಆಗಿದೆಯಾ ಅಂತ ಕೇಳಿದರೆ ಉತ್ತರ ಇಲ್ಲ. ಅಪ್ಪ ಇನ್ನೂ ಸೈನ್ ಹಾಕಿಲ್ಲ, ಆದರೆ ತುಂಬಾ ಹೆದರಿದ್ದಾರೆ. "ಹೋದರೆ ಹೋಗಲಿ ಬಿಡು, ಈ ವಯಸ್ಸಲ್ಲಿ ಠಾಣೆ ಮೆಟ್ಟಿಲು ಹತ್ತೋದು ಬೇಡ" ಅನ್ನುತ್ತಿದ್ದಾರೆ.

ಫೋನ್ ಬಂದಾಗೆಲ್ಲ ಹೋಗಲೇಬೇಕಾ? ಸೈನ್ ಹಾಕದಿದ್ದರೆ ನಿಜವಾಗಿಯೂ ಒಳಗೆ ಹಾಕಬಹುದಾ? ಬರೋ ಮಂಗಳವಾರ ರಜೆ ಹಾಕಿ ಊರಿಗೆ ಹೋಗುತ್ತಿದ್ದೇನೆ. ಗೊತ್ತಿರುವವರು ದಯವಿಟ್ಟು ಹೇಳಿ.

---

ಹಳ್ಳಿಹೈದ ಉತ್ತರ:

ಗುರು, ಪೊಲೀಸರ ಹತ್ತಿರ ಕಾನೂನು ಮಾತಾಡಿದರೆ ಇನ್ನೂ ಜಾಸ್ತಿ ಆಗುತ್ತದೆ. ನಿಮ್ಮ ಕಡೆಯ ಯಾರಾದರೂ ಲೀಡರ್ ಹಿಡಿದು ಒಂದು ಫೋನ್ ಮಾಡಿಸಿ. ಒಂದೇ ದಿನದಲ್ಲಿ ಮುಗಿಯುತ್ತದೆ. ನಮ್ಮೂರಲ್ಲಿ ಎಲ್ಲ ಹಾಗೇ ನಡೆಯೋದು.

---

ಕೋರ್ಟ್‌ಅಂಗಳ ಉತ್ತರ:

ನಾನು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್. ವಕೀಲೆ ಅಲ್ಲ. ಆದರೆ ಇಂಥ ಕಾಗದ ಹಿಡಿದುಕೊಂಡು ಬರುವವರ ಜೊತೆ ಕೂತು ಕೂತು, ಎಲ್ಲಿ ಏನು ನಡೆಯುತ್ತದೆ ಅನ್ನುವುದು ಚೆನ್ನಾಗಿ ಗೊತ್ತು.

ಹಳ್ಳಿಹೈದ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ನಿಮ್ಮ ಲೀಡರ್ ಫೋನ್ ಮಾಡಿದರೆ ನಾಳೆ ಪಕ್ಕದವರು ಇನ್ನೂ ದೊಡ್ಡ ಲೀಡರ್ ಹಿಡಿಯುತ್ತಾರೆ. ಬದು ಎಲ್ಲಿತ್ತು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಹೊಳೆಬದಿ ಅವರೇ, ನಿಮ್ಮ ಅಪ್ಪನಿಗೆ ಮೊದಲು ಇದನ್ನು ಹೇಳಿ. ಜಮೀನು ಯಾರದ್ದು, ಗಡಿ ಎಲ್ಲಿ ಅಂತ ತೀರ್ಮಾನ ಮಾಡುವ ಅಧಿಕಾರ ಠಾಣೆಗೆ ಇಲ್ಲ. ಗಡಿ ಅಳೆಯುವುದು ಸರ್ವೆ ಇಲಾಖೆ. ಹಕ್ಕು ತೀರ್ಮಾನ ಮಾಡುವುದು ಸಿವಿಲ್ ಕೋರ್ಟ್. ಪೊಲೀಸರ ಕೆಲಸ ಹೊಡೆದಾಟ ಆಗದಂತೆ ನೋಡುವುದು, ಅಪರಾಧ ನಡೆದಿದ್ದರೆ ತನಿಖೆ ಮಾಡುವುದು, ಅಷ್ಟೇ.

ಇನ್ನು ಫೋನ್ ವಿಷಯ. 2024ರ ಜುಲೈ 1ರಿಂದ ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ. ಅದರ 179ನೇ ಕಲಂ ಪ್ರಕಾರ, ವಿಷಯ ಗೊತ್ತಿರುವ ವ್ಯಕ್ತಿಯನ್ನು ತನಿಖೆಗೆ ಕರೆಸಬೇಕಾದರೆ ಬರವಣಿಗೆಯಲ್ಲಿ ಆದೇಶ ಕೊಡಬೇಕು. 60 ದಾಟಿದ ಗಂಡಸರನ್ನು, ಹೆಂಗಸರನ್ನು, 15ರೊಳಗಿನ ಹುಡುಗರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆ ಇರುವವರನ್ನು ಠಾಣೆಗೆ ಬಾ ಅನ್ನುವ ಹಾಗೇ ಇಲ್ಲ. ಅವರಿರುವ ಮನೆಗೇ ಹೋಗಿ ಕೇಳಬೇಕು. ಅವರಾಗಿಯೇ ಬರಲು ಒಪ್ಪಿದರೆ ಅದು ಬೇರೆ. ನಿಮ್ಮ ಅಪ್ಪನಿಗೆ 64. ಇದು ಅವರಿಗೆ ನೇರವಾಗಿ ಅನ್ವಯ ಆಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ. ಎಫ್‌ಐಆರ್ ಆಗಿ ಅಪ್ಪ ಆರೋಪಿ ಆಗಿದ್ದರೆ 35(3)ನೇ ಕಲಂ ಕೆಳಗೆ ನೋಟಿಸ್ ಬರಬಹುದು. ಆ ನೋಟಿಸ್ ಬಂದರೆ ಹಾಜರಾಗಲೇಬೇಕು, ತಪ್ಪಿಸಿಕೊಳ್ಳಬಾರದು. ಹಾಜರಾಗಿ ಸಹಕರಿಸುತ್ತಿದ್ದರೆ, ಬಂಧಿಸಲೇಬೇಕು ಅನ್ನುವುದಕ್ಕೆ ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಆ ನೋಟಿಸ್ ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿರುವಾಗ ಬರೀ ಫೋನ್ ಕರೆ ಎಲ್ಲಿ ನೋಟಿಸ್ ಆಗುತ್ತದೆ? ಎಫ್‌ಐಆರ್ ಆಗಿದೆಯಾ ಅಂತ ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟ್‌ಗೆ ಹಾಕಬೇಕು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಆದೇಶ ಇದೆ. ರಾಜ್ಯ ಪೊಲೀಸರ ವೆಬ್‌ಸೈಟ್‌ನಲ್ಲಿ ಜಿಲ್ಲೆ, ಠಾಣೆ ಆರಿಸಿ ಹುಡುಕಿ.

"ಒಳಗೆ ಹಾಕ್ತೀನಿ" ಅನ್ನುವ ಮಾತಿಗೆ ಹೆದರಬೇಡಿ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆ ಇರುವ ಆರೋಪವಾದರೆ, 60 ದಾಟಿದವರನ್ನು ಡಿವೈಎಸ್ಪಿ ದರ್ಜೆಯವರ ಮುಂಚಿನ ಅನುಮತಿ ಇಲ್ಲದೆ ಬಂಧಿಸುವ ಹಾಗಿಲ್ಲ. ಇದು 35(7)ನೇ ಕಲಂ. ಒಂದು ವೇಳೆ ಬಂಧಿಸಿದರೂ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ವಕೀಲರನ್ನು ನೋಡಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಮನೆಯವರಿಗೆ ತಿಳಿಸಬೇಕು ಅನ್ನುವುದು ಬಿಎನ್‌ಎಸ್‌ಎಸ್‌ನಲ್ಲಿದೆ, ಉಳಿದದ್ದು ಸಂವಿಧಾನದ 22ನೇ ವಿಧಿಯಲ್ಲೇ ಇದೆ.

ಈಗ ಮುಚ್ಚಳಿಕೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಜನ ಕಳೆದುಕೊಳ್ಳುವುದು ಇಲ್ಲೇ. ಶಾಂತಿ ಕದಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಬಿಎನ್‌ಎಸ್‌ಎಸ್ 126ನೇ ಕಲಂ ಕೆಳಗೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್‌ಗೆ ಇದೆ. ನಮ್ಮ ತಾಲೂಕುಗಳಲ್ಲಿ ಅಂದರೆ ತಹಶೀಲ್ದಾರರಿಗೆ. ಠಾಣೆಯವರು ವರದಿ ಕಳಿಸಬಹುದು ಅಷ್ಟೇ. ತಹಶೀಲ್ದಾರರು ಕಾರಣ ಬರೆದು ನೋಟಿಸ್ ಕೊಡಬೇಕು, ಅಪ್ಪನ ಮಾತು ಕೇಳಬೇಕು. ಆಮೇಲೂ ಆ ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ ಒಂದು ವರ್ಷ. ಅದರಲ್ಲಿ ಇರಬೇಕಾದದ್ದು ಜಗಳ ಮಾಡುವುದಿಲ್ಲ ಅನ್ನುವ ಮಾತು. ಜಮೀನು ಬಿಟ್ಟುಕೊಡುತ್ತೇನೆ ಅನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ.

ನಮ್ಮ ಕಚೇರಿಗೆ ಒಮ್ಮೆ ಒಬ್ಬ ಅಜ್ಜಿ ಬಂದಿದ್ದರು. ಔಷಧಿ ಅಂಗಡಿ ಕವರಿನಲ್ಲಿ ನಾಲ್ಕಾಗಿ ಮಡಚಿದ ಕಾಗದದ ಜೆರಾಕ್ಸ್. ಬಿಡಿಸಿ ನೋಡಿದೆ. ಮೊಹರಿಲ್ಲ, ತಾರೀಖಿಲ್ಲ. ಕೆಳಗೆ ಅಜ್ಜಿಯ ಹೆಬ್ಬೆಟ್ಟು. ಮೇಲಿನ ಸಾಲುಗಳು ಬಿಡಿಬಿಡಿಯಾಗಿದ್ದವು. ಹೆಬ್ಬೆಟ್ಟಿನ ಹತ್ತಿರ ಬರುತ್ತಾ ಅಕ್ಷರ ಸಣ್ಣದಾಗಿ ಒತ್ತೊತ್ತಾಗಿತ್ತು. ಕೊನೆಯ ಸಾಲು ಹೆಬ್ಬೆಟ್ಟನ್ನು ಸುತ್ತಿಕೊಂಡು ಬದಿಗೆ ಹೋಗಿತ್ತು. ಹೆಬ್ಬೆಟ್ಟು ಮೊದಲು ಬಿದ್ದಿದೆ, ಬರಹ ಆಮೇಲೆ ಬಂದಿದೆ ಅನ್ನುವುದಕ್ಕೆ ಇನ್ನೇನು ಬೇಕು? ಇನ್ನೊಬ್ಬರು ಓದಿ ಹೇಳುವವರೆಗೆ ತಮ್ಮ ಹಿತ್ತಲಿನ ದಾರಿ ಬಿಟ್ಟುಕೊಟ್ಟಿದ್ದೇನೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಆ ಕಾಗದ ಕೋರ್ಟಿನ ಡಿಕ್ರಿ ಅಲ್ಲ. ಬೆದರಿಸಿ ಬರೆಸಿಕೊಂಡದ್ದು ಅಂತ ತೋರಿಸಿದರೆ ಅದನ್ನು ರದ್ದು ಮಾಡಿಸಬಹುದು. ಆದರೆ ಹಾಗೆ ತೋರಿಸುವ ಹೊರೆ ಆ ಅಜ್ಜಿಯ ತಲೆ ಮೇಲೆ ಬಿತ್ತು. ಅದಕ್ಕೇ ನಿಮ್ಮ ಅಪ್ಪ ಇನ್ನೂ ಸೈನ್ ಹಾಕಿಲ್ಲ ಅಂದದ್ದು ಓದಿ ನನಗೆ ಸಮಾಧಾನ ಆಯಿತು. ಹಾಕುವುದೂ ಬೇಡ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಮಾಡಿಸಲೇಬಾರದು ಅಂತ ಕಾನೂನು ಇದೆ, 181ನೇ ಕಲಂ.

ಜೊತೆಗೆ ನಿಮ್ಮ ಕಡೆಯಿಂದಲೂ ದೂರು ಕೊಡಿ. ಬದು ಕೆಡವಿದ್ದು, ಒಳಗೆ ನುಗ್ಗಿದ್ದು ಬರೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು.

---

ಸರಪಳಿ ಉತ್ತರ:

ಲೈಸೆನ್ಸ್ ಸರ್ವೇಯರ್ ಆಗಿದ್ದವನು ನಾನು. ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ.

ಮಂಗಳವಾರ ಹೋದ ತಕ್ಷಣ ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿ. ನಾಡಕಚೇರಿಯಲ್ಲಿ ಮೋಜಿಣಿ ಅನ್ನುವ ಸರ್ವೆ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಮೂಲಕ ತಗೊಳ್ಳುತ್ತಾರೆ. ಶುಲ್ಕದ ರಸೀದಿ ಇಟ್ಟುಕೊಳ್ಳಿ. ಸರ್ವೇಯರ್ ಬರುವ ಮುಂಚೆ ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ. ಮೂಲ ಟಿಪ್ಪಣಿ (ಹಳೆ ಸರ್ವೆಯ ಅಳತೆ ನಕ್ಷೆ) ಇಟ್ಟುಕೊಂಡು ಅಳೆಯುತ್ತಾರೆ. ಹಳೆ ಬಾಂದು ಕಲ್ಲು ಎಲ್ಲಾದರೂ ಉಳಿದಿದ್ದರೆ ಅದರ ಫೋಟೋ ಈಗಲೇ ತೆಗೆದಿಡಿ, ಜೆಸಿಬಿ ಮತ್ತೆ ಬಂದರೆ ಅದೂ ಇರುವುದಿಲ್ಲ.

ಒಂದೂವರೆ ಗುಂಟೆ ಅಂತ ಸಾಹೇಬರಿಗೆ ಹೇಗೆ ಗೊತ್ತಾಯಿತೋ! ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಅಳೆಯದೆ ಯಾರೂ ಹೇಳಕ್ಕಾಗಲ್ಲ. ಪಹಣಿಯಲ್ಲಿ ವಿಸ್ತೀರ್ಣ ಮಾತ್ರ ಇರುತ್ತದೆ, ಗಡಿ ಎಲ್ಲಿ ಬರುತ್ತದೆ ಅಂತ ಇರುವುದಿಲ್ಲ. ಅದಕ್ಕೆ ಟಿಪ್ಪಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ಸರ್ವೆ ದಾಖಲೆ) ನಕಲು ಎರಡೂ ತೆಗೆಸಿ.

---

ಹೊಳೆಬದಿ ಉತ್ತರ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವೆಬ್‌ಸೈಟ್ ನೋಡಿದೆ, ಅಪ್ಪನ ಹೆಸರಲ್ಲಿ ಎಫ್‌ಐಆರ್ ಏನೂ ಕಾಣಲಿಲ್ಲ. ಆದರೆ ಸೋಮವಾರ ಮತ್ತೆ ಬಾ ಅಂತ ಫೋನ್ ಬಂದಿದೆ. ನಾನು ತಲುಪೋದು ಮಂಗಳವಾರ. ಅಪ್ಪ ಸುಮ್ನೆ ಹೋಗದೆ ಕೂತರೆ ಅವರಿಗೆ ಸಿಟ್ಟು ಬರಲ್ವಾ? ಮಾನವ ಹಕ್ಕು ಆಯೋಗಕ್ಕೆ ಬರೆಯಬಹುದಾ? ವಕೀಲರ ಫೀಸಿಗೆ ಈಗ ನಮ್ಮ ಹತ್ತಿರ ದುಡ್ಡಿಲ್ಲ.

---

ಕೋರ್ಟ್‌ಅಂಗಳ ಉತ್ತರ:

ಸುಮ್ನೆ ಕೂರುವುದು ಬೇಡ. ಒಂದು ಕಾಗದ ಬರೆದು ಭಾನುವಾರವೇ ಯಾರ ಕೈಲಾದರೂ ಠಾಣೆಗೆ ಮುಟ್ಟಿಸಿ. ಇಷ್ಟು ಸಾಕು:

"ನನಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಫೋನ್ ಮೂಲಕ ಠಾಣೆಗೆ ಕರೆಸುತ್ತಿದ್ದೀರಿ. ನನ್ನ ಮೇಲೆ ದೂರು ಇದ್ದರೆ ಅದರ ಪ್ರತಿ ಕೊಡಿ. ಬಿಎನ್‌ಎಸ್‌ಎಸ್ 179ನೇ ಕಲಂ ಪ್ರಕಾರ ನನ್ನ ಮನೆಯಲ್ಲಿ ವಿಚಾರಣೆ ಮಾಡಿದರೆ ಪೂರ್ತಿ ಸಹಕರಿಸುತ್ತೇನೆ. ಗಡಿ ವಿಚಾರಕ್ಕೆ ಹದ್ದುಬಸ್ತು ಅಳತೆಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಮೇಲಿನ ಅರ್ಜಿ ಮುಕ್ತಾಯ ಮಾಡಿದ್ದರೆ ಹಿಂಬರಹ (ಲಿಖಿತ ಉತ್ತರ) ಕೊಡಿ."

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಹಾಕದಿದ್ದರೆ ಜಗಳ ಬೇಡ, ಸೋಮವಾರ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ, ಎಸ್ಪಿ ಕಚೇರಿಗೂ ಒಂದು ಪ್ರತಿ ಹಾಕಿ. ಸಿಟ್ಟು ಬರಬಹುದು, ನಿಜ. ಆದರೆ ಕಾಗದ ಒಳಗೆ ಹೋದ ಮೇಲೆ ಮಾತಿನ ಧಾಟಿ ಬದಲಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಠಾಣೆಯಲ್ಲೂ ಕಾನೂನು ಪಾಲಿಸುವವರು ಇರುತ್ತಾರೆ. ಅವರಿಗೂ ಇಂಥ ಕಾಗದ ಅನುಕೂಲವೇ, ಮೇಲಿನವರಿಗೆ ತೋರಿಸಬಹುದಲ್ವಾ. ಬಂಧನದ ನಿಯಮಗಳಿಗೆ ಹೆಸರಾದ ಡಿ.ಕೆ. ಬಸು ಪ್ರಕರಣವೂ ಶುರುವಾದದ್ದು 1986ರಲ್ಲಿ ಪಶ್ಚಿಮ ಬಂಗಾಳದಿಂದ ಮುಖ್ಯ ನ್ಯಾಯಮೂರ್ತಿಗೆ ಹೋದ ಒಂದು ಪತ್ರದಿಂದ. ಲಾಕಪ್ ಸಾವುಗಳ ಬಗ್ಗೆ ಬರೆದದ್ದು. ಅದನ್ನೇ ರಿಟ್ ಅರ್ಜಿ ಅಂತ ತಗೊಂಡು 1996ರಲ್ಲಿ ತೀರ್ಪು ಕೊಟ್ಟರು.

ಅಪ್ಪ ಮುಂದೆ ಯಾವತ್ತಾದರೂ ಹೋಗಬೇಕಾಗಿ ಬಂದರೆ ಜೊತೆಗೆ ಒಬ್ಬರಿರಲಿ. ಹೋದ ಹೊತ್ತು, ಬಂದ ಹೊತ್ತು ಬರೆದಿಡಿ. ಠಾಣೆಯ ಬಾಗಿಲು, ವರಾಂಡ, ಲಾಕಪ್ ಎಲ್ಲ ಕಡೆ ಸಿಸಿಟಿವಿ ಇರಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಆ ದೃಶ್ಯ ನೋಡಬೇಕಾಗಿ ಬಂದರೆ ನೀವು ಬರೆದಿಟ್ಟ ಹೊತ್ತು ಕೆಲಸಕ್ಕೆ ಬರುತ್ತದೆ.

ಆಯೋಗಕ್ಕೆ ಖಂಡಿತ ಬರೆಯಬಹುದು. ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ ಬೆಂಗಳೂರಲ್ಲೇ ಇದೆ. ಶುಲ್ಕ ಇಲ್ಲ, ವಕೀಲರು ಬೇಡ, ಕನ್ನಡದಲ್ಲೇ ಬರೆಯಿರಿ. ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ಆದರೆ ಅದರ ಮಿತಿಯೂ ತಿಳಿದಿರಲಿ. ಆಯೋಗ ವಿಚಾರಣೆ ಮಾಡಿ ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ, ತಾನೇ ಶಿಕ್ಷೆ ಕೊಡುವುದಿಲ್ಲ. ನಿಮ್ಮ ಬದುವನ್ನೂ ಅದು ವಾಪಸ್ ಕೊಡಿಸುವುದಿಲ್ಲ. ಬದುವಿಗೆ ಹದ್ದುಬಸ್ತು, ಅದಕ್ಕೂ ಅವರು ಒಪ್ಪದಿದ್ದರೆ ಸಿವಿಲ್ ಕೋರ್ಟಿನಲ್ಲಿ ದಾವೆ ಮತ್ತು ತಡೆಯಾಜ್ಞೆ.

ದುಡ್ಡಿನ ಚಿಂತೆ ಬೇಡ. ತಾಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಆದಾಯ ಮಿತಿಯೊಳಗಿದ್ದರೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಂಧನದಲ್ಲಿ ಇರುವವರಿಗೆ ಆದಾಯವನ್ನೂ ಕೇಳುವುದಿಲ್ಲ. ತೋಟ ಅಮ್ಮನ ಹೆಸರಲ್ಲೂ ಇದ್ದರೆ ಅವರೇ ಅರ್ಜಿ ಕೊಡಬಹುದು. ಫೋನಿನಲ್ಲಿ ಕೇಳಬೇಕಿದ್ದರೆ 15100.

ಮಂಗಳವಾರ ಸಮಿತಿಯ ಕಚೇರಿಗೆ ಬರುವಾಗ ಪಹಣಿ, ಟಿಪ್ಪಣಿ ನಕಲು, ಕೆಡವಿದ ಬದುವಿನ ಫೋಟೋ, ಠಾಣೆಯಿಂದ ಬಂದ ಕರೆಗಳ ಸ್ಕ್ರೀನ್‌ಶಾಟ್ ತನ್ನಿ. ಅಪ್ಪನ ವಯಸ್ಸಿನ ದಾಖಲೆ ಮರೆಯಬೇಡಿ, ವೋಟರ್ ಕಾರ್ಡ್ ಆದರೂ ನಡೆಯುತ್ತದೆ. ಸೋಮವಾರ ಏನಾಯಿತು ಅಂತ ಇಲ್ಲಿ ಬರೆಯಿರಿ, ರಾತ್ರಿ ನೋಡುತ್ತೇನೆ.