ಕುಮಾರವ್ಯಾಸನಿಗೆ ಬಿ.ಎಡ್‌. ಸಿಗುತ್ತಿತ್ತಾ?

ಸೀನನಿಗೆ ಸೋಮವಾರ ಪಾಠ. ಬಿ.ಎಡ್‌. ಓದುವವರ ಬಾಯಲ್ಲಿ ಪಾಠ ಅಂದರೆ ಅವರು ಮಕ್ಕಳಿಗೆ ಕಲಿಸುವುದು, ಆಮೇಲೆ ಹಿಂದಿನ ಬೆಂಚಿನ ವೀಕ್ಷಕರು ಅವರಿಗೇ ಕಲಿಸುವುದು. ಹತ್ತನೇ ತರಗತಿ. ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’. ಅವಧಿ 40 ನಿಮಿಷ. ಸೀನ ಮಾಡಿಕೊಂಡ ಸ್ಲೈಡು 38.

“ಒಂದಕ್ಕೆ ಒಂದು ನಿಮಿಷ. ಇನ್ನೂ ಎರಡು ನಿಮಿಷ ಉಳಿಯುತ್ತೆ” ಎಂದ ಹೆಮ್ಮೆಯಿಂದ.

“ಆ ಎರಡು ನಿಮಿಷದಲ್ಲಿ ಪದ್ಯ ಓದುತ್ತೀಯಾ?” ಎಂದಳು ಗಿರಿಜಾ. ಅವಳು ಗಣಿತದ ಟೀಚರು. ಲೆಕ್ಕ ತಪ್ಪಿದರೆ ಕ್ಷಮಿಸುತ್ತಾಳೆ. ಲೆಕ್ಕ ಸರಿಯಿದ್ದು ಬುದ್ಧಿ ತಪ್ಪಿದರೆ ಕ್ಷಮಿಸುವುದಿಲ್ಲ.

ಮೊದಲ ಸ್ಲೈಡಿನಲ್ಲಿ ಸ್ವಾಗತ, ಗುಲಾಬಿ. ಎರಡನೆಯದರಲ್ಲಿ ಕವಿ. ಉದ್ದ ಗಡ್ಡ, ಕೈಯಲ್ಲಿ ತಾಳೆಗರಿ.

“ಈ ಫೋಟೋ ತೆಗೆದವರು ಯಾರಪ್ಪಾ?” ಎಂದರು ಮೇಷ್ಟ್ರು. ಮೇಷ್ಟ್ರು ರಿಟೈರಾದರೂ ಪ್ರಶ್ನೆ ಕೇಳುವುದರಿಂದ ರಿಟೈರಾಗಿಲ್ಲ.

“ಗೂಗಲ್‌ನಲ್ಲಿ ಸಿಕ್ಕಿತು ಸಾರ್‌.”

“ಗೂಗಲ್‌ ಆಗ ಗದುಗಿಗೆ ಹೋಗಿತ್ತಾ?”

ಮೂರನೆಯದು ಕವಿಪರಿಚಯ. ಹೆಸರು ನಾರಣಪ್ಪ. ಊರು ಕೋಳಿವಾಡ. ಆರಾಧ್ಯ ದೈವ ಗದುಗಿನ ವೀರನಾರಾಯಣ. ಕೃತಿ ಕರ್ಣಾಟ ಭಾರತ ಕಥಾಮಂಜರಿ. ಬಿರುದು ರೂಪಕ ಸಾಮ್ರಾಜ್ಯ ಚಕ್ರವರ್ತಿ.

“ಕೆಲಸಕ್ಕೆ ಅರ್ಜಿ ಹಾಕಿದ್ದಾನಾ ಪಾಪ?” ಎಂದೆ ನಾನು.

“ಹಾಕಿದರೂ ಸಿಗಲ್ಲ” ಎಂದರು ಮೇಷ್ಟ್ರು. “ಅವನೇ ಜಂಬ ಕೊಚ್ಚಿಕೊಂಡಿದ್ದಾನೆ. ‘ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ, ಪದವಿಟ್ಟಳುಪದೊಂದಗ್ಗಳಿಕೆ’ ಅಂತ. ಹಲಗೆ ಬಳಪ ಮುಟ್ಟಿದವನಲ್ಲ, ಇಟ್ಟ ಪದ ಅಳಿಸಿದವನಲ್ಲ. ಕಪ್ಪುಹಲಗೆ ಕಾರ್ಯಕ್ಕೆ ಸೊನ್ನೆ. ಬಿ.ಎಡ್‌. ಫೇಲು. ಸೀನ, ಈ ಮಾತನ್ನೇ ಮಕ್ಕಳಿಗೆ ಹೇಳು. ಕೋಳಿವಾಡ ಮರೆತರೂ ಈ ಆಸಾಮಿಯನ್ನ ಮರೆಯಲ್ಲ.”

ಸೀನ ಬರೆದುಕೊಂಡ. ಆಮೇಲೆ ಅವನ ಅಚ್ಚುಮೆಚ್ಚಿನ ಪ್ರಸ್ತಾವನೆ ಬಂತು. ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಒಯ್ಯುವ ಪ್ರಶ್ನೆಗಳು. ನಮ್ಮನ್ನೇ ಮಕ್ಕಳು ಮಾಡಿಕೊಂಡ.

“ಮಕ್ಕಳೇ, ಸೂರ್ಯ ಎಲ್ಲಿ ಹುಟ್ಟುತ್ತಾನೆ?”

“ಪೂರ್ವದಲ್ಲಿ ಸಾರ್‌.”

“ಸೂರ್ಯನ ಮಗ ಯಾರು?”

“ಶನಿ ಸಾರ್‌” ಎಂದಳು ಗಿರಿಜಾ.

“ಯಮ ಸಾರ್‌” ಎಂದೆ ನಾನು.

ಸೀನನ ಮುಖ ನೋಡುವಂತಿತ್ತು. ಎರಡೂ ಉತ್ತರ ಸರಿ, ಏನು ಮಾಡುತ್ತಾನೆ? ಕರ್ಣ ಬರಬೇಕಾದ ಕಡೆ ಶನಿ ಬಂದು ಕೂತಿದ್ದ.

“ಸುಮ್ನೆ ಯಾಕೆ ಸೂರ್ಯಮಂಡಲ ಸುತ್ತುತ್ತೀಯಾ?” ಎಂದರು ಮೇಷ್ಟ್ರು. “ಶೀರ್ಷಿಕೆಯೇ ಸಾಕಲ್ಲವಾ? ಬೋರ್ಡಿನ ಮೇಲೆ ಬರೆ. ಕೌರವೇಂದ್ರನ ಕೊಂದೆ ನೀನು. ಹೇಳುತ್ತಿರುವವನು ಕರ್ಣ. ಕೊಂದವನು ಕೃಷ್ಣ ಅಂತೆ. ಸತ್ತವನು ದುರ್ಯೋಧನ ಅಂತೆ. ಆದರೆ ಯುದ್ಧ ಇನ್ನೂ ಶುರುವೇ ಆಗಿಲ್ಲ, ದುರ್ಯೋಧನ ಅರಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾನೆ. ಹಾಗಾದರೆ ಹೆಣ ಎಲ್ಲಿ ಅಂತ ಕೇಳು.”

‘ಹೆಣ ಎಲ್ಲಿ’ ಎಂದಾಗ ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಹೋಟೆಲಿನಲ್ಲೇ ಇಷ್ಟು ಗಮನ ಸಿಕ್ಕರೆ ಹತ್ತನೇ ಕ್ಲಾಸಿನಲ್ಲಿ ಕೇಳಬೇಕೆ?

“ಉತ್ತರ ಹೇಳಿಬಿಡಲಾ?”

“ಹೇಳಬೇಡ. ಪದ್ಯ ಹೇಳಲಿ. ನೀನು ಕುಂತಿಯ ಮಗ, ಪಾಂಡವರು ನಿನ್ನ ತಮ್ಮಂದಿರು ಅಂತ ಕೃಷ್ಣ ಕಿವಿಯಲ್ಲಿ ಹೇಳಿದ ಮೇಲೆ ಕರ್ಣ ಅವರ ಮೇಲೆ ಬಾಣ ಹೇಗೆ ಬಿಡುತ್ತಾನೆ? ಕರ್ಣನ ಕೈ ಸೋತರೆ ದುರ್ಯೋಧನ ಅಲ್ಲಿಗೆ ಮುಗಿದ. ಕೊಲೆ ಆದದ್ದು ಮಾತಿನಲ್ಲಿ. ಇದನ್ನ ಮಕ್ಕಳು ತಾವೇ ಕಂಡುಹಿಡಿಯಬೇಕು.”

ನನ್ನ ಅಭಿಪ್ರಾಯ ಕೇಳಿದರೆ ಅಲ್ಲಿಗೇ ಪಾಠ ಪಾಸು. ಆದರೆ ಸೀನ ಲ್ಯಾಪ್‌ಟಾಪ್‌ ಮುಚ್ಚಲಿಲ್ಲ. ಅನಿಮೇಷನ್‌ ತೋರಿಸಲೇಬೇಕಿತ್ತು. ಕ್ಲಿಕ್‌ ಮಾಡಿದರೆ ಒಂದು ಸಾಲು ಹಾರಿ ಬಂದು ಕೂರುತ್ತದೆ, ಸೀನ ಓದುತ್ತಾನೆ.

“ಇನತನೂಜನ ಕೂಡೆ ಮೈದುನ.” ಕ್ಲಿಕ್‌. ಮುಂದಿನ ಸಾಲು ಬರಲಿಲ್ಲ. ಲ್ಯಾಪ್‌ಟಾಪು ಯೋಚನೆಗೆ ಬಿತ್ತು.

“ಕರ್ಣನ ಜೊತೆ ಮೈದುನ ಬಂದನಾ? ಊಟಕ್ಕಾ?” ಎಂದಳು ಗಿರಿಜಾ.

“ಮೈದುನ ಅಲ್ಲ ಕಣೇ, ಮೈದುನತನದ ಸರಸ! ‘ತನದ ಸರಸವನೆಸಗಿ ರಥದೊಳು’ ಮುಂದಿನ ಸಾಲಿನಲ್ಲಿದೆ.”

“ಅದನ್ನ ನಿನ್ನ ಕಂಪ್ಯೂಟರ್‌ಗೆ ಹೇಳು.”

ಕುಮಾರವ್ಯಾಸನ ಜೊತೆ ಇದೇ ಕಷ್ಟ. ಸಾಲು ಮುಗಿದ ಕಡೆ ಮಾತು ಮುಗಿಯುವುದಿಲ್ಲ. ಸಾಲು ನೋಡಿ ನಿಲ್ಲಿಸಿದವನು ಮೈದುನನನ್ನು ಕರೆಸುತ್ತಾನೆ. ಕಿವಿಯಿಂದ ಓದಿದವನು ಮಾತ್ರ ಕೃಷ್ಣ ಕರ್ಣನನ್ನು ಬರಸೆಳೆದು ರಥದಲ್ಲಿ ಕೂರಿಸಿಕೊಳ್ಳುವ ತನಕ ಹೋಗುತ್ತಾನೆ. ಗಮಕದವರಿಗೆ ಇದು ಗೊತ್ತು. ಅಲ್ಲಿ ಒಬ್ಬರದು ವಾಚನ, ಇನ್ನೊಬ್ಬರದು ವ್ಯಾಖ್ಯಾನ. ಮೊದಲು ಪದ್ಯ ಕಿವಿಗೆ ಬೀಳಬೇಕು, ಅರ್ಥ ಆಮೇಲೆ.

“ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಎಚ್‌.ಆರ್‌. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಗಮಕಕ್ಕೆ” ಎಂದರು ಮೇಷ್ಟ್ರು. “ಅನಿಮೇಷನ್‌ ಮಾಡಿ ಪದ್ಯ ಓದಿದವರಿಗೆ ಯಾರಿಗಾದರೂ ಬಂದಿದೆಯಾ?”

“ಸರಿ ಸಾರ್‌, ಆದರೆ ಛಂದಸ್ಸು?” ಸೀನ ಏಳು ಸ್ಲೈಡು ಒಟ್ಟಿಗೆ ಓಡಿಸಿದ. ಲಘು, ಗುರು, ಗುರು, ಲಘು. ಪರದೆ ತುಂಬ ಬಟ್ಟಲು, ಅಡ್ಡಗೆರೆ.

“ಇದು ಪದ್ಯದ ಇಸಿಜಿ” ಎಂದೆ. “ರೋಗಿ ಬದುಕಿದ್ದಾನಾ ಅಂತ ಮೊದಲು ಹೇಳು.”

ಮೇಷ್ಟ್ರು ಟೇಬಲ್ಲು ತಟ್ಟತೊಡಗಿದರು. ಇನತ, ನೂಜನ, ಕೂಡೆ, ಮೈದುನ. ಮೂರು, ನಾಲ್ಕು, ಮೂರು, ನಾಲ್ಕು. ಕಾಫಿ ಲೋಟಗಳೂ ಕುಣಿದವು. ಗಿರಿಜಾ ತಾಳ ಹಿಡಿದಳು, ಬಿಲ್ಲಿನ ಹಿಂದೆ ಲೆಕ್ಕವನ್ನೂ ಹಾಕಿದಳು. ಚಿಕ್ಕ ಸಾಲು 14 ಮಾತ್ರೆ, ಅಂಥವು ನಾಲ್ಕು. ಮೂರನೆಯದು, ಆರನೆಯದು ಉದ್ದ, 23 ಮಾತ್ರೆ. ಒಟ್ಟು 102.

“ಅಯ್ಯೋ, ಭಾಮಿನಿ ಷಟ್ಪದಿ ನನ್ನ ಪೀರಿಯಡ್ಡಿನದು! ಪರೀಕ್ಷೆಯಲ್ಲಿ ಗಣ ಹಾಕಲು ಮಕ್ಕಳು ಯಾಕೆ ಒದ್ದಾಡುತ್ತಾರೆ?”

“ಯಾರೂ ಅವರ ಮುಂದೆ ಟೇಬಲ್ಲು ತಟ್ಟಿಲ್ಲ, ಅದಕ್ಕೆ” ಎಂದರು ಮೇಷ್ಟ್ರು.

“ನನಗೆ ರಾಗ ಬರಲ್ಲ ಸಾರ್‌.” ಸೀನನ ದನಿ ಇಳಿಯಿತು.

“ರಾಗ ಯಾರು ಕೇಳಿದರು? ತಾಳ ಬಿಡಬೇಡ, ಸಾಲು ಕಡಿಯಬೇಡ, ಅಷ್ಟೆ. ಮತ್ತೆ ಒಂದು ಜಾಗದಲ್ಲಿ ತಾಳವನ್ನೂ ನಿಧಾನ ಮಾಡು.” ಮೇಷ್ಟ್ರು ಗಂಟಲ ಮೇಲೆ ಎರಡು ಬೆರಳಿಟ್ಟುಕೊಂಡರು. “ಕೊರಳ ಸೆರೆ ಹಿಗ್ಗಿದವು...” ಅಷ್ಟಕ್ಕೇ ನಿಲ್ಲಿಸಿದರು. ನಾವು ಮೂವರೂ ನಮ್ಮ ನಮ್ಮ ಗಂಟಲು ಮುಟ್ಟಿಕೊಂಡೆವು. ಗಿರಿಜಾಳ ಕೈಯಲ್ಲಿ ಪೆನ್ನಿತ್ತು, ಕುತ್ತಿಗೆಗೆ ಇಂಕಾಯಿತು. “ನೋಡಿದಿರಾ, ಅರ್ಥ ಕೇಳಲಿಲ್ಲ ನೀವು.”

ಸೀನ ಸ್ಲೈಡು ಅಳಿಸಲು ಶುರು ಮಾಡಿದ. ಮೌಲ್ಯಮಾಪನದ ಪ್ರಶ್ನೆಗೆ ಬಂದು ನಿಂತ. ‘ಕುಮಾರವ್ಯಾಸನ ಕಾವ್ಯನಾಮವೇನು?’ ಎಂದಿತ್ತು. ಅದನ್ನು ಓದಿ ಗಿರಿಜಾ ಮಾತಾಡಲಿಲ್ಲ, ಡಿಲೀಟ್‌ ಗುಂಡಿ ತೋರಿಸಿದಳು. ಅದರ ಜಾಗಕ್ಕೆ ‘ಕರ್ಣ ಪಾಂಡವರ ಕಡೆ ಹೋಗಬೇಕಿತ್ತಾ?’ ಬಂತು. ಇದಕ್ಕೆ ನಾವೇ ಕಾಲು ಗಂಟೆ ಜಗಳವಾಡಿದೆವು. ಹೋಗಬೇಕಿತ್ತು ಅಂತ ನಾನು. ಉಂಡ ಮನೆಗೆ ಎರಡು ಬಗೆಯುವುದಾ ಅಂತ ಗಿರಿಜಾ. ಕೃಷ್ಣ ಬಾಯಿ ಮುಚ್ಚಿಕೊಂಡಿರಬೇಕಿತ್ತು ಅಂತ, ಕೇಳದಿದ್ದರೂ, ಪಕ್ಕದ ಟೇಬಲ್ಲು.

ಉಳಿದದ್ದು ಪಾಠಯೋಜನೆ ಪುಸ್ತಕ. ಅದರಲ್ಲಿ ಯಾವ ಕಾಲಮ್ಮೂ ಖಾಲಿ ಬಿಡುವಂತಿಲ್ಲ.

“ಬೋಧನೋಪಕರಣ ಏನಂತ ಬರೆಯಲಿ? ಪ್ರೊಜೆಕ್ಟರು ಹೋಯಿತಲ್ಲ.”

“ಗಂಟಲು ಅಂತ ಬರಿ.”

“ಸ್ವತಃ ತಯಾರಿಸಿದ್ದಾ, ಕೊಂಡದ್ದಾ ಅಂತ ಕೇಳುತ್ತಾರೆ ಸಾರ್‌.”

“ಎರವಲು ಅಂತ ಹಾಕು” ಎಂದರು ಮೇಷ್ಟ್ರು. “ಸೋಮವಾರ ಕಟ್ಟಿಕೊಂಡರೆ ನನಗೆ ಫೋನ್‌ ಮಾಡು.”