ಮಕ್ಕಳು, ಹಿರಿಯರ ಜೊತೆ ಕಾಳಿ ಹೊಳೆಯಲ್ಲಿ ರಾಫ್ಟಿಂಗ್: ತಿಳಿದವರು ಹೇಳ್ರಿ

ಪ್ರಶ್ನೆ: ಬಾಗಲಕೋಟೆ, ನವನಗರ

ನಮಸ್ಕಾರ ರೀ. ಡಿಸೆಂಬರ್ ರಜೆಯೊಳಗ ಮನಿಮಂದಿಯೆಲ್ಲ ದಾಂಡೇಲಿ ಹತ್ತಿರದ ಗಣೇಶಗುಡಿಗೆ ಹೋಗಿ ಕಾಳಿ ಹೊಳ್ಯಾಗ ರಾಫ್ಟಿಂಗ್ (ಗಾಳಿ ತುಂಬಿದ ರಬ್ಬರ್ ದೋಣಿ ಸವಾರಿ) ಮಾಡೋ ವಿಚಾರ ಐತಿ. ನಾವು ಗಂಡ-ಹೆಂಡತಿ, 16 ವರ್ಷದ ಮಗಳು, 9 ವರ್ಷದ ಮಗ, 63 ವರ್ಷದ ನಮ್ಮ ಅವ್ವ. ಅವ್ವಗ ಬಿಪಿ ಗುಳಿಗಿ ನಡದಾವು, ಮೊಣಕಾಲು ನೋವು ಐತಿ. ಈಜು ಬರೋದು ಮಗಳಿಗಷ್ಟ. ಯಾರ‍್ನ ಕೂಡಿಸಬೇಕು, ಯಾರ‍್ನ ಬಿಡಬೇಕು? ಬುಕ್ ಮಾಡೋ ಮುಂಚೆ ಏನು ಕೇಳಬೇಕು? ಇನ್ನೊಂದು, ಜಮಖಂಡಿ ಕಡೆ ನಮ್ಮ ಬೀಗರು "ಅಷ್ಟು ದೂರ ಯಾಕ, ಟ್ರ್ಯಾಕ್ಟರ್ ಟ್ಯೂಬ್ ತಂದು ಇಲ್ಲೇ ಬ್ಯಾರೇಜ್ ಕೆಳಗ ತೇಲೋಣು" ಅನ್ನಾಕತ್ತಾರ. ಅದು ನಡೀತದೇನ್ರಿ?

ಉತ್ತರ: ರಾಫ್ಟ್ ಗೈಡ್, ಬೆಳಗಾವಿ

ಮೊದಲು ನೀರಿನ ಲೆಕ್ಕ ತಿಳ್ಕೊಳ್ರಿ. ಡಿಸೆಂಬರ್‌ನಲ್ಲಿ ಗಣೇಶಗುಡಿಯ ಹೊಳೆ ಹರಿಯೋದು ಮಳೆಯಿಂದಲ್ಲ, ಸೂಪಾ ಡ್ಯಾಮಿನ ಬುಡದ ವಿದ್ಯುದಾಗಾರದಿಂದ. ಅಲ್ಲಿ 50 ಮೆಗಾವಾಟ್‌ನ ಎರಡು ಯಂತ್ರಗಳಿವೆ. ಯಂತ್ರ ತಿರುಗಿದರೆ ಹೊಳೆ ತುಂಬತದ, ನಿಂತರೆ ಬಂಡೆಗಳು ಮೇಲೇಳತಾವು. ಹಾಗಾಗಿ ಬೆಳಿಗ್ಗೆ ಸಣ್ಣದಾಗಿ ಕಂಡ ರಾಪಿಡ್ (ಬಂಡೆಗಳ ನಡುವೆ ನೀರು ಅಲೆಯೆದ್ದು ರಭಸದಿಂದ ಹರಿಯೋ ಜಾಗ) ಮಧ್ಯಾಹ್ನ ಬೇರೆಯೇ ಇರತದ. ಬುಕ್ ಮಾಡುವಾಗ "ಆ ದಿನ ನೀರು ಎಷ್ಟು ಗಂಟೆಗೆ ಬಿಡತಾರ, ಒಂದು ಮಷೀನೋ ಎರಡೋ" ಅಂತ ಕೇಳ್ರಿ. ಇದಕ್ಕೆ ಸರಿಯಾಗಿ ಉತ್ತರ ಕೊಡದವರು ನಿಮ್ಮನ್ನು ಹೊಳೆಗೆ ಇಳಿಸೋದು ಬ್ಯಾಡ. ನೀರು ಕಡಿಮೆ ಇದ್ದಾಗ ನಡುಹೊಳೆಯ ಬಂಡೆ ಮೇಲೆ ನಿಂತು ಫೋಟೋ ತಗೊಳ್ಳೋದನ್ನೂ ಬಿಡ್ರಿ. ಆಕಾಶದಲ್ಲಿ ಮೋಡ ಇರದಿದ್ದರೂ ನೀರು ಏರತದ.

ರಾಪಿಡ್‌ಗಳಿಗೆ 1ರಿಂದ 6ರವರೆಗೆ ಗ್ರೇಡ್ ಕೊಡತಾರ. 1 ಅಂದ್ರ ಸಣ್ಣ ಅಲೆ, 6 ಅಂದ್ರ ಬಲ್ಲವರಿಗೂ ಜೀವಕ್ಕೆ ಕುತ್ತು. ಕಾಳಿಯ ಹತ್ತು ಕಿ.ಮೀ. ಆಸುಪಾಸಿನ ಉದ್ದ ಓಟದಲ್ಲಿ ಬರೋದು ಹೆಚ್ಚಾಗಿ 2 ಮತ್ತು 3. ಎರಡು ಕಿ.ಮೀ.ಗೂ ಕಡಿಮೆ ಇರೋ ಸಣ್ಣ ಓಟ ಬೇರೆ ಇದೆ. ದೊಡ್ಡ ರಾಪಿಡ್ ಇರೋ ಓಟಕ್ಕೆ 14 ವರ್ಷದ ಒಳಗಿನವರನ್ನು ಕೂಡಿಸಬಾರದು ಅನ್ನೋದು ರೂಢಿ, ಅದನ್ನ ಮುರೀಬ್ಯಾಡ್ರಿ. ಮಗಳು ಉದ್ದ ಓಟಕ್ಕೆ ಬರಬಹುದು. ಮಗ ಸಣ್ಣ ಓಟಕ್ಕೆ ಮಾತ್ರ, ಅದೂ ನೀರು ಹದವಾಗಿದ್ದು, ಅವನ ಅಳತೆಯ ಲೈಫ್ ಜಾಕೆಟ್ ಸಿಕ್ಕರೆ. ಅವ್ವನನ್ನು ರಾಫ್ಟಿಗೆ ಹತ್ತಿಸಬ್ಯಾಡ್ರಿ. ಕೂತಿರೋದರಿಂದ ಅವರಿಗೆ ತೊಂದರೆ ಆಗಲಿಕ್ಕಿಲ್ಲ. ಆದರೆ ನೀರಿಗೆ ಬಿದ್ದರೆ ಜಾಕೆಟ್ಟಿನ ಹೆಗಲ ಪಟ್ಟಿ ಹಿಡಿದು ರಾಫ್ಟಿನ ಅಂಚಿನ ಎರಡು ಅಡಿ ಎತ್ತರದ ಗಾಳಿ ಟ್ಯೂಬಿನ ಮೇಲೆ ಎಳೆದು ಹಾಕಬೇಕಾಗತದ, ಆ ಎಳೆತ ವಯಸ್ಸಾದ ಭುಜ, ಸೊಂಟಕ್ಕೆ ತಡೆಯೋದಿಲ್ಲ. ಹೊಳೆ ನಿಧಾನ ಇರೋ ಕಡೆ ಜಾಕೆಟ್ ಹಾಕಿಸಿ ದೋಣಿಯಲ್ಲಿ ಸುತ್ತಾಡಿಸ್ರಿ, ಅವರಿಗೂ ಖುಷಿ.

14 ಅಡಿ ರಾಫ್ಟಿಗೆ ಆರರಿಂದ ಎಂಟು ಮಂದಿ, ಮೇಲೆ ಒಬ್ಬ ಗೈಡ್. ಹತ್ತು-ಹನ್ನೆರಡು ಮಂದಿ ತುಂಬತೇವಿ ಅಂದರೆ ವಾಪಸ್ ಬರ‍್ರಿ. ಭಾರ ಹೆಚ್ಚಾದ ರಾಫ್ಟ್ ತಿರುಗೋದಿಲ್ಲ, ಬಂಡೆ ತಪ್ಪಿಸೋಕೆ ಗೈಡಿಗೆ ಸಮಯ ಸಾಲೋದಿಲ್ಲ. ಒಂಟಿ ರಾಫ್ಟ್ ಹೊರಡೋದೂ ತಪ್ಪು. ಬಿದ್ದವರನ್ನು ಎತ್ತಿಕೊಳ್ಳೋಕೆ ಜೊತೆಗೆ ರಕ್ಷಣಾ ಕಯಾಕ್ (ಸಣ್ಣ, ಸಪೂರ ದೋಣಿ) ಇಲ್ಲವೇ ಎರಡನೇ ರಾಫ್ಟ್ ಬೇಕು, ಗೈಡ್ ಕಾಲ ಬಳಿ 15–20 ಮೀಟರ್ ಹಗ್ಗದ ಥ್ರೋ ಬ್ಯಾಗ್ (ಬಿದ್ದವರ ಕಡೆ ಎಸೆಯೋ ಹಗ್ಗದ ಚೀಲ) ಇರಲೇಬೇಕು. ದಡದಲ್ಲೇ ಹತ್ತು-ಹದಿನೈದು ನಿಮಿಷ ಕಮಾಂಡ್ (ಗೈಡ್ ಕೂಗೋ ಸೂಚನೆ) ಅಭ್ಯಾಸ ಮಾಡಿಸದೆ ನೀರಿಗೆ ತಳ್ಳೋರ ಜೊತೆ ಹೋಗಬ್ಯಾಡ್ರಿ.

ಆ ಕಮಾಂಡ್‌ಗಳಲ್ಲಿ ಒಂದನ್ನ ಮನೆಯಲ್ಲೇ ಕಲಿತು ಬರ‍್ರಿ: "ಹೈ ಸೈಡ್". ರಾಫ್ಟ್ ಅಡ್ಡವಾಗಿ ಬಂಡೆಗೆ ಬಡಿದಾಗ ಎಲ್ಲರೂ ಹೆದರಿ ಬಂಡೆಯಿಂದ ದೂರ ವಾಲತಾರ. ಆಗ ನೀರು ಬರೋ ಕಡೆಯ ಟ್ಯೂಬ್ ತಗ್ಗಿ, ಅದರ ಮೇಲೆ ಹೊಳೆ ಹತ್ತಿ, ರಾಫ್ಟ್ ಬಂಡೆಗೆ ಅಂಟಿಕೊಳ್ಳತದ ಇಲ್ಲವೇ ಮಗುಚತದ. ಮಾಡಬೇಕಾದ್ದು ತದ್ವಿರುದ್ಧ: ಎಲ್ಲರೂ ಬಂಡೆ ಇರೋ ಕಡೆಯ ಟ್ಯೂಬಿನ ಮೇಲೆ ಮೈಭಾರ ಹಾಕಬೇಕು. ಪ್ಯಾಡಲ್ (ಹುಟ್ಟು) ಹಿಡಿಯುವಾಗ ಮೇಲಿನ ಕೈ ತುದಿಯ ಹಿಡಿಕೆಯನ್ನು ಮುಚ್ಚಿಕೊಂಡೇ ಇರಲಿ. ರಾಫ್ಟಿಂಗ್‌ನಲ್ಲಿ ಹಲ್ಲು, ತುಟಿ ಒಡೆಯೋದು ಬಂಡೆಗಿಂತ ಹೆಚ್ಚಾಗಿ ಪಕ್ಕದವರ ಹಿಡಿಕೆ ಬಡಿದು. ಕೂರೋದು ಹೊರಗಿನ ಟ್ಯೂಬಿನ ಮೇಲೆ, ಪಾದ ಒಳಗಿನ ಅಡ್ಡ ಟ್ಯೂಬಿನ ಕೆಳಗೆ. ಬೆರಳು, ಮುಂಗಾಲು ಸಿಕ್ಕರೆ ಸಾಕು, ಹಿಮ್ಮಡಿವರೆಗೂ ತುರುಕಬ್ಯಾಡ್ರಿ. ಬಿದ್ದಾಗ ಕಾಲು ತಾನಾಗಿ ಬಿಡಿಸಿಕೊಳ್ಳಬೇಕು. ಹುಡುಗ ಗೈಡಿನ ಮುಂದೆ, ಒಳಗೆ ಕೂರಲಿ, ಪ್ಯಾಡಲ್ ಕೊಡಬ್ಯಾಡ್ರಿ.

ಇಷ್ಟೆಲ್ಲ ಹೇಳಿದೆ ಅಂತ ಹೆದರಬ್ಯಾಡ್ರಿ. ಮನೆಮಂದಿ ಕೂಡಿ ಮಾಡಬಹುದಾದ ಇಂಥ ಆಟ ಇನ್ನೊಂದಿಲ್ಲ. ರಾಪಿಡ್ ಶುರುವಾಗೋ ಬಾಯಲ್ಲಿ ನೀರು ನುಣ್ಣಗೆ, ಹಸಿರಾಗಿ, ಉದ್ದನೆಯ ನಾಲಿಗೆ ಆಕಾರಕ್ಕೆ ಬರತದ. ಅದರ ಮೊನೆ ನೀರು ಹರಿದು ಹೋಗೋ ಕಡೆ ತೋರಿಸಿದರೆ ಅದೇ ದಾರಿ. ಮೊನೆ ನಿಮ್ಮ ಕಡೆ ತಿರುಗಿದ್ದರೆ ಅಲ್ಲಿ ನೀರಿನಡಿ ಕಲ್ಲಿದೆ. ಇದನ್ನ ಮಕ್ಕಳಿಗೆ ಹೇಳಿಕೊಡ್ರಿ, ಗೈಡಿಗಿಂತ ಮುಂಚೆ ಅವರೇ ದಾರಿ ಹುಡುಕತಾರ. ನಾಲಿಗೆಯ ತುದಿಯಲ್ಲಿ ರಾಫ್ಟಿನ ಮೂತಿ ತಗ್ಗಿ, ಮೊದಲ ಅಲೆ ಎದೆಗೆ ಬಡಿಯೋ ಹೊತ್ತಿಗೆ ಎಲ್ಲರ ಪ್ಯಾಡಲ್ ಒಟ್ಟಿಗೆ ಬಿದ್ದರೆ ರಾಫ್ಟ್ ಅಲೆ ಹತ್ತಿ ದಾಟತದ. ಹೆದರಿ ನಿಲ್ಲಿಸಿದರೆ ಅಲೆ ಮೇಲೆಯೇ ಅಡ್ಡ ತಿರುಗತದ.

ಉತ್ತರ: ಈಜು ತರಬೇತುದಾರ, ವಿಜಯಪುರ

ಜಾಕೆಟ್ ವಿಷಯ ನಾ ಹೇಳತೀನಿ, ಮಂದಿ ಕೆಡೋದೇ ಅಲ್ಲಿ. ಗಾಳಿ ತುಂಬೋ ಜಾಕೆಟ್ ರಾಫ್ಟಿಂಗ್‌ಗೆ ಬ್ಯಾಡ, ಬಂಡೆಗೆ ತಾಗಿ ಹರಿತದ. ಫೋಮ್ ಇರಬೇಕು. ಫೋಮನ್ನು ಬೆರಳಿಂದ ಒತ್ತಿ ಬಿಡ್ರಿ. ಕುಣಿ ಹಾಗೇ ಉಳಿದರೆ ಅಥವಾ ಜಾಕೆಟ್ ನೀರು ಕುಡಿದು ಭಾರ ಅನಿಸಿದರೆ ಬೇರೆ ಕೇಳ್ರಿ. ಬಕಲ್ ಒಡೆದು ಹಗ್ಗ ಗಂಟು ಹಾಕಿದ್ದನ್ನೂ ತಗೋಬ್ಯಾಡ್ರಿ.

ಹಾಕೋ ಕ್ರಮ: ಮೊದಲು ಎಲ್ಲ ಪಟ್ಟಿ ಸಡಿಲ ಮಾಡಿ ತೊಡಿಸ್ರಿ. ಸೊಂಟದ ಪಟ್ಟಿ ಮೊದಲು ಬಿಗಿಯಾಗಬೇಕು, ಆಮೇಲೆ ಹೊಟ್ಟೆ, ಎದೆ, ಕಡೆಗೆ ಹೆಗಲು. ಮೇಲಿಂದ ಬಿಗಿದರೆ ಜಾಕೆಟ್ ಎದೆ ಮೇಲೇ ನಿಂತುಬಿಡತದ. ಬಿಗಿದ ಮೇಲೆ ಇನ್ನೊಬ್ಬರು ಎರಡೂ ಹೆಗಲ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆತ್ತಬೇಕು. ಪಟ್ಟಿ ಕಿವಿ ತನಕ ಬಂದರೆ ಅದು ಸಡಿಲ, ನೀರಿನಲ್ಲಿ ಜಾಕೆಟ್ ಮೇಲೇರಿ ಮೂಗು-ಬಾಯಿ ಮುಚ್ಚತದ. ಹುಡುಗರಿಗೆ ತೊಡೆ ಸಂದಿಯಿಂದ ಹಾಯುವ ಪಟ್ಟಿ ಕಡ್ಡಾಯ. ಒಂಬತ್ತು ವರ್ಷದವನಿಗೆ ದೊಡ್ಡವರ ಜಾಕೆಟ್ ಬಿಗಿದು ಕಟ್ಟಿದರೆ ಆತ ಕೆಳಗಿನಿಂದ ಜಾರಿ ಹೋಗತಾನ, ಜಾಕೆಟ್ ಅಷ್ಟೇ ತೇಲತದ. ಅಳತೆಯದ್ದು ಇಲ್ಲ ಅಂದರೆ ಅವತ್ತು ಹುಡುಗ ದಡದಲ್ಲಿ, ಅಷ್ಟೇ.

ಹೆಲ್ಮೆಟ್ ಹಣೆ ಮುಚ್ಚಬೇಕು, ಹುಬ್ಬಿನ ಮೇಲೆ ಎರಡು ಬೆರಳಷ್ಟೇ ಜಾಗ ಇರಲಿ. ಗದ್ದದ ಪಟ್ಟಿ ಕಟ್ಟಿದ ಮೇಲೆ ಹಿಂದಿನಿಂದ ತಳ್ಳಿದರೆ ಹೆಲ್ಮೆಟ್ ಕಳಚಿ ಮುಂದೆ ಬರಬಾರದು. ಕ್ರಿಕೆಟ್, ಬೈಕ್ ಹೆಲ್ಮೆಟ್ ಇದಕ್ಕೆ ಒಗ್ಗೋದಿಲ್ಲ, ನೀರು ಹೊರಹೋಗೋ ತೂತು ಬೇಕು. ಮತ್ತ, ಮಗಳಿಗೆ ಈಜು ಬರತದ ಅಂತ ಜಾಕೆಟ್ ಸಡಿಲ ಬಿಡಬ್ಯಾಡ್ರಿ. ಕೊಳದ ಈಜಿಗೂ ಸೆಳವಿನ ಈಜಿಗೂ ಸಂಬಂಧ ಇಲ್ಲ.

ಮತ್ತೆ ಬಾಗಲಕೋಟೆಯಿಂದ

ಭಾಳ ಉಪಕಾರ ಆತ್ರಿ. ಹಂಗಾದ್ರ ಬಿದ್ದವರು ಏನು ಮಾಡಬೇಕು? ಮನಿಯಾಕಿಗೆ ಈ ಒಂದ ಚಿಂತಿ.

ಗೈಡ್, ಬೆಳಗಾವಿ

ಅಕ್ಕಾರಿಗೆ ಹೇಳ್ರಿ: ಬಿದ್ದ ಕೂಡಲೇ ನಿಲ್ಲೋಕೆ ಹೋಗಬಾರದು. ಮೊಣಕಾಲಿಗಿಂತ ಆಳದ ಓಡೋ ನೀರಲ್ಲಿ ಕಾಲೂರಿದರೆ ಪಾದ ಎರಡು ಕಲ್ಲಿನ ನಡುವೆ ಸಿಗತದ, ಹಿಂದಿನಿಂದ ಬರೋ ಸೆಳವು ಮೈಯನ್ನು ಮುಂದಕ್ಕೆ ಬಗ್ಗಿಸಿ ಮುಖ ನೀರಿಗೆ ಒತ್ತತದ. ಸೆಳವಿನ ವೇಗ ಎರಡರಷ್ಟಾದರೆ ಒತ್ತುವ ಬಲ ನಾಲ್ಕರಷ್ಟು, ಗಟ್ಟಿ ಆಳೂ ತಡೆಯೋಕಾಗೋದಿಲ್ಲ. ಅಂಗಾತ ಮಲಗಿ, ಕಾಲು ನೀರು ಹರಿದು ಹೋಗೋ ಕಡೆ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಳ್ಳಬೇಕು. ಬಂಡೆ ಬಂದರೆ ಪಾದದಿಂದ ಒದ್ದು ಸರಿಯಬೇಕು. ಅಲೆಯ ತಗ್ಗಿನಲ್ಲಿ ಉಸಿರು ತಗೊಂಡು ತುದಿಯಲ್ಲಿ ಬಿಗಿಹಿಡಿಯಬೇಕು. ತುದಿಯಲ್ಲಿ ಬಾಯಿ ತೆರೆದರೆ ನೊರೆಯೇ ಒಳಗೆ ಹೋಗತದ.

ರಾಪಿಡ್ ಮುಗಿದು ನೀರು ಸಮ ಆದಮೇಲೆ ಬೋರಲಾಗಿ ತಿರುಗಿ ದಡದ ಕಡೆ ಓರೆಯಾಗಿ ಈಜಬೇಕು. ಬಂಡೆಯ ಹಿಂದೆ ಸಿಗೋ ನಿಂತ ನೀರೇ ಗುರಿ. ಹಗ್ಗ ಎಸೆದರೆ ಚೀಲ ಅಲ್ಲ, ಹಗ್ಗ ಹಿಡಿಯಬೇಕು. ಎದೆಗೊತ್ತಿ, ಹೆಗಲ ಮೇಲಿಂದ ಬರುವಂತೆ, ಅಂಗಾತ ಮಲಗಬೇಕು. ಕೈಗೆ, ಸೊಂಟಕ್ಕೆ ಸುತ್ತಿಕೊಳ್ಳೋದು ಅಪಾಯ, ಬಿಡೋಕೆ ಆಗೋದಿಲ್ಲ. ರಾಫ್ಟಿನ ಅಡಿಗೆ ಸಿಕ್ಕರೆ ಎರಡೂ ಅಂಗೈ ರಾಫ್ಟಿನ ತಳಕ್ಕೆ ಒತ್ತಿ ಒಂದೇ ದಿಕ್ಕಿಗೆ ಸರಸರ ಸರಿಯಬೇಕು. ಗಾಬರಿಯಲ್ಲಿ ಆ ಕಡೆ ಈ ಕಡೆ ತಿರುಗಿದರೆ ಅಲ್ಲೇ ಉಳೀತೀರಿ.

ಒಂದೇ ಒಂದು ಕಡೆ ಈ ಅಂಗಾತ ಮಲಗೋ ನಿಯಮ ಬದಲಾಗತದ. ಬಿದ್ದ ಮರ, ಬಿದಿರು ಮೆಳೆ ಅಡ್ಡ ಇದ್ದರೆ ನೀರು ಒಳಗಿಂದ ಹಾದು ಹೋಗತದ, ಮನುಷ್ಯ ಹೋಗೋದಿಲ್ಲ. ಅಲ್ಲಿ ತಲೆ ಮುಂದೆ ಮಾಡಿ ಬೋರಲಾಗಿ ಜೋರಾಗಿ ಈಜಿ, ಕೊಂಬೆ ಮೇಲೆ ಎದೆ ಹಾಕಿ ಹತ್ತಬೇಕು.

ಉತ್ತರ: ನೀರಾವರಿ ಎಂಜಿನಿಯರ್, ಜಮಖಂಡಿ

ಬೀಗರ ಟ್ಯೂಬಿನ ಮಾತಿಗೆ ಖಡಾಖಂಡಿತ ಉತ್ತರ: ಬೇಡ. ದೊಡ್ಡ ಅಲೆಯ ರಾಪಿಡ್‌ಗಿಂತ ನಮ್ಮ ಹೊಳೆಗಳಿಗೆ ಅಡ್ಡ ಕಟ್ಟಿದ ಬಾಂದಾರ (ಸಣ್ಣ ಒಡ್ಡು), ಬ್ಯಾರೇಜ್ ಹೆಚ್ಚು ಅಪಾಯ, ಏಕೆಂದರೆ ನೋಡೋಕೆ ಶಾಂತವಾಗಿರುತ್ತವೆ.

ನೀರು ಗೋಡೆಯ ಉದ್ದಕ್ಕೂ ಒಂದೇ ಸಮ ಬಿದ್ದಾಗ ಬುಡದಲ್ಲಿ ಆಳಕ್ಕೆ ಧುಮುಕಿ, ಸ್ವಲ್ಪ ಮುಂದೆ ಮೇಲೆದ್ದು, ಮೇಲ್ಭಾಗದ ನೀರು ಮತ್ತೆ ಗೋಡೆಯ ಕಡೆಗೇ ಹರಿಯುತ್ತದೆ. ಕೆಳಗಡೆಯಿಂದ ಟ್ಯೂಬಿನಲ್ಲಿ ಹತ್ತಿರ ಹೋದವರನ್ನು ಆ ಹಿಮ್ಮರಳುವ ನೀರು ಗೋಡೆಗೆ ಎಳೆದುಕೊಂಡು ಹೋಗುತ್ತದೆ. ಬೀಳುವ ನೀರು ಅವರನ್ನು ಮುಳುಗಿಸಿ, ಮುಂದೆ ಏಳಿಸಿ, ಮತ್ತೆ ಹಿಂದಕ್ಕೆ ತರುತ್ತದೆ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಲೈಫ್ ಜಾಕೆಟ್ ಕೂಡ ಪೂರ್ತಿ ತೇಲಿಸದು. ನೈಸರ್ಗಿಕ ರಾಪಿಡ್‌ನಲ್ಲಿ ಬಂಡೆಗಳ ನಡುವೆ ಎಲ್ಲಾದರೂ ಬಿಡುವು ಸಿಗುತ್ತದೆ. ಇಲ್ಲಿ ಎರಡೂ ತುದಿಗೆ ಕಾಂಕ್ರೀಟ್ ಗೋಡೆ. ಉಳಿಸಲು ಧುಮುಕಿದವರೂ ಅದೇ ಸುತ್ತಿಗೆ ಸಿಕ್ಕುತ್ತಾರೆ.

ಹಲಗೆ ಹಾಕುವ ಬಾಂದಾರದಲ್ಲಿ ಇನ್ನೊಂದು ಭಯ. ಎರಡು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರ್‌ಗೆ ಎರಡು ಟನ್ ಒತ್ತಡ. ಒಂದೆರಡು ಹಲಗೆ ತೆಗೆದಿದ್ದರೆ ಆ ಸಂದಿಗೆ ನೀರು ಹೀರಿಕೊಂಡು ಹೋಗುತ್ತದೆ. ಮೇಲ್ಭಾಗದಲ್ಲಿ ಈಜುವವನ ಕಾಲು ಸಿಕ್ಕರೆ ಎಷ್ಟು ಮಂದಿ ಎಳೆದರೂ ಬರದು. ಮೇಲೆ ನೋಡಿದರೆ ಸಣ್ಣ ಸುಳಿಯೂ ಇರದು. ಚಿಕ್ಕಪಡಸಲಗಿ ಬ್ಯಾರೇಜನ್ನು 1989ರಲ್ಲಿ ರೈತರೇ ಹಣ ಕೂಡಿಸಿ ಕಟ್ಟಿದರು, ಅದು ಈ ಭಾಗದ ಹೆಮ್ಮೆ. ಹಿಪ್ಪರಗಿ, ಗಲಗಲಿಯಲ್ಲೂ ನೀರು ನಿಲ್ಲಿಸಿದ್ದಾರೆ. ಇವೆಲ್ಲ ಬೆಳೆಗೆ ಕಟ್ಟಿದವು, ಗೇಟು ಎತ್ತುವಾಗ ಕೆಳಗೆ ಟ್ಯೂಬಿನಲ್ಲಿ ಮಗು ಇದೆಯೇ ಎಂದು ಯಾರೂ ನೋಡುವುದಿಲ್ಲ. ಟ್ರ್ಯಾಕ್ಟರ್ ಟ್ಯೂಬಿಗೆ ಹಿಡಿಯಲು ಹಗ್ಗವೂ ಇಲ್ಲ, ಮಗುಚಿದರೆ ಒದ್ದೆ ರಬ್ಬರ್ ಜಾರುತ್ತದೆ, ವಾಲ್ವ್‌ನ ಕಬ್ಬಿಣ ಮೈ ಸೀಳುತ್ತದೆ.

ಉತ್ತರ: ವೈದ್ಯೆ, ಬೆಳಗಾವಿ

ಬಿಪಿ ಮತ್ತು ಮಂಡಿನೋವಿನ ತಾಯಿಯವರ ವಿಷಯದಲ್ಲಿ ಗೈಡ್ ಹೇಳಿದ್ದೇ ಸರಿ. ಹೃದ್ರೋಗ, ಫಿಟ್ಸ್, ಬಸಿರು, ಇತ್ತೀಚಿನ ಶಸ್ತ್ರಚಿಕಿತ್ಸೆ, ಪದೇ ಪದೇ ಜಾರುವ ಭುಜ, ಡಿಸ್ಕ್ ತೊಂದರೆ ಇರುವವರೂ ಹೋಗಬಾರದು. ಅಸ್ತಮಾ ಇದ್ದರೆ ಇನ್‌ಹೇಲರ್ ಗೈಡಿನ ಡ್ರೈ ಬ್ಯಾಗಿನಲ್ಲಿ (ನೀರು ಒಳಹೋಗದ ಚೀಲ) ಇರಲಿ, ಕಾರಿನಲ್ಲಲ್ಲ. ಹಿಂದಿನ ರಾತ್ರಿ ಕುಡಿದವರನ್ನೂ ಬಿಟ್ಟು ಹೋಗಿ.

ಮುಳುಗಿ ಉಸಿರು ನಿಂತವರ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಅವರಿಗೆ ಬೇಕಿರುವುದು ಗಾಳಿ. ತಲೆ ಹಿಂದಕ್ಕೆ ವಾಲಿಸಿ, ಮೂಗು ಮುಚ್ಚಿ, ಮೊದಲು ಬಾಯಿಂದ ಉಸಿರು ಊದಿ. ಆಮೇಲೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಸಲ ಊದಿ, ಹೀಗೇ ಮುಂದುವರಿಸಿ. ದೊಡ್ಡವರಿಗೆ ಎದೆ 5–6 ಸೆಂ.ಮೀ. ತಗ್ಗಬೇಕು. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ನೀರು ಕುಡಿದು ಚೇತರಿಸಿಕೊಂಡ ಮಗುವನ್ನು ಆ ದಿನವಿಡೀ ಗಮನಿಸಿ. ಕೆಮ್ಮು ನಿಲ್ಲದಿದ್ದರೆ, ಉಸಿರಾಟ ವೇಗವಾದರೆ, ವಿಪರೀತ ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗಣೇಶಗುಡಿ ಇರುವ ಜೋಯಿಡಾ ಕಾಡಿನಲ್ಲಿ ಬಹಳ ಕಡೆ ಸಿಗ್ನಲ್ ಇರುವುದಿಲ್ಲ. ದೊಡ್ಡ ಆಸ್ಪತ್ರೆ ಎಂದರೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಯಾವ ದಾರಿ ಹಿಡಿಯಬೇಕೆಂದು ಮೊದಲೇ ಮಾತಾಡಿಕೊಂಡಿರಿ.

ಉತ್ತರ: ಖಾನಾಪುರ

ಬಟ್ಟೆ ಬಗ್ಗೆ ಯಾರೂ ಹೇಳಿಲ್ಲ. ಸೀರೆ, ದುಪಟ್ಟಾ, ಜೀನ್ಸ್ ಬ್ಯಾಡ, ಆಟದ ಟ್ರ್ಯಾಕ್ ಪ್ಯಾಂಟು, ಮೈಗಂಟೋ ಟೀ ಶರ್ಟ್ ಸಾಕು. ತಾಳಿ, ಬಳೆ, ಉಂಗುರ ತೆಗೆದು ಅವ್ವಾರ ಕೈಯಾಗ ಕೊಡ್ರಿ, ಹಗ್ಗಕ್ಕೆ ಉಂಗುರ ಸಿಕ್ಕರೆ ಬೆರಳಿಗೆ ಕುತ್ತು. ಚಪ್ಪಲಿ ಬದಲು ಹಿಮ್ಮಡಿಗೆ ಪಟ್ಟಿ ಇರೋ ಸ್ಯಾಂಡಲ್ ಅಥವಾ ಹಳೆ ಕ್ಯಾನ್ವಾಸ್ ಬೂಟು. ಕನ್ನಡಕಕ್ಕೆ ಹಿಂದೆ ದಾರ ಕಟ್ರಿ. ಮೊಬೈಲ್ ಒಯ್ಯಲೇ ಬ್ಯಾಡ್ರಿ, ಒಂದು ಕೈ ಅದಕ್ಕೆ ಹೋದರೆ ಪ್ಯಾಡಲ್ ಹಿಡಿಯೋಕೆ ಒಂದೇ ಉಳೀತದ. ದಾಂಡೇಲಿ ಊರ ಹತ್ತಿರ ನಿಧಾನ ನೀರಿನಲ್ಲಿ ಮೊಸಳೆ ಅದಾವು, ರಾಫ್ಟಿಂಗ್ ಮುಗಿದ ಮೇಲೆ ಅಲ್ಲಿ ಕಾಲು ತೊಳೆಯೋಕೂ ಇಳೀಬ್ಯಾಡ್ರಿ.

ಮಳೆಗಾಲದಲ್ಲಿ ಗೋವಾ ಕಡೆ ಮಹದಾಯಿಯಲ್ಲೂ ರಾಫ್ಟಿಂಗ್ ನಡೀತದ, ಹುಟ್ಟೋದು ನಮ್ಮ ಖಾನಾಪುರ ಕಾಡಿನಲ್ಲೇ. ಆದರೆ ಅಲ್ಲಿ ಮಳೆ ನೀರು, ಗಂಟೆಯೊಳಗೆ ಏರತದ, ಮರ ತೇಲಿ ಬರತಾವು. ಒಂಬತ್ತು ವರ್ಷದ ಹುಡುಗನ್ನ ಕರಕೊಂಡು ಅಲ್ಲಿಗೆ ಬ್ಯಾಡ. ಬೆಳಗಾವಿ ಮೇಲೆ ಬರೋದಾದರೆ ಖಾನಾಪುರ, ಲೋಂಡಾ, ರಾಮನಗರ ಹಾದು ಗಣೇಶಗುಡಿ. ಬಾಗಲಕೋಟೆಯಿಂದ ನೇರ ಆದರೆ ಧಾರವಾಡ, ಹಳಿಯಾಳ, ದಾಂಡೇಲಿ ದಾರಿ. ಹಿಂದಿನ ಸಂಜೆಯೇ ಹೋಗಿ ಉಳಕೊಳ್ರಿ. ಐದಾರು ತಾಸು ಗಾಡಿಯಾಗ ಕೂತು ಬಂದು ನೇರ ಹೊಳೆಗೆ ಇಳಿದರೆ ಸೊಂಟ ಹಿಡಿದಿರತದ, ಕಮಾಂಡ್ ತಲೆಗೆ ಹೋಗೋದಿಲ್ಲ.

ಬಾಗಲಕೋಟೆಯಿಂದ

ಎಲ್ಲರಿಗೂ ನಮಸ್ಕಾರ ರೀ. ಬೀಗರಿಗೆ ಬ್ಯಾರೇಜಿನ ಉತ್ತರ ಓದಿಸೇನಿ, ಟ್ಯೂಬಿನ ಮಾತು ಕೈಬಿಟ್ಟಾರ. ಮಗಳು ಮತ್ತ ನಾನು ಉದ್ದ ಓಟ, ಮಗ ಅವರವ್ವನ ಜೋಡಿ ಸಣ್ಣ ಓಟ, ನಮ್ಮ ಅವ್ವ ದೋಣಿ. ಹುಡುಗನ ಅಳತಿ ಜಾಕೆಟ್, ತೊಡಿ ಪಟ್ಟಿ ಸಮೇತ ಐತೇನು ಅಂತ ನಾಳೆ ಫೋನ್ ಮಾಡಿ ಕೇಳತೇನಿ. ಇಲ್ಲಂದ್ರ ಅವನೂ ಅಜ್ಜಿ ಜೋಡಿ ದೋಣಿಗೆ.